ಸತ್ತವನ ಹೆಸರಿಗೆ ಒಂದು ಪುಸ್ತಕ

ಮಾರ್ಚ್ ತಿಂಗಳ ಒಂದು ಮಂಗಳವಾರ ಸಂಜೆ ನಾಲ್ಕೂಕಾಲಿಗೆ ರಾಸ್ತ್ಕೋ ವಿದಾಕೊವಿಚ್ ಸತ್ತವನೊಬ್ಬನ ಹೆಸರಿಗೆ ಅಂಚೆಯಲ್ಲಿ ಪುಸ್ತಕ ಕಳಿಸಿದ. ನೊವಿ ಸಾದ್ ನಗರದ ಅಂಚೆ ಕಚೇರಿಯ ಕೌಂಟರಿನಲ್ಲಿದ್ದ ಹೆಂಗಸು ವಿಳಾಸ ಓದಿ, ಮೊಹರು ಒತ್ತಿ, ಪೊಟ್ಟಣವನ್ನು ಹಿಂದಿದ್ದ ಚೀಲಕ್ಕೆ ಹಾಕಿದಳು. ವಿಳಾಸದವನು ಬದುಕಿದ್ದಾನೋ ಇಲ್ಲವೋ ಎಂದು ಅಂಚೆಯವರು ಕೇಳುವುದಿಲ್ಲ.

ಕಳಿಸಬೇಡಿ ಎಂದು ಅವನಿಗೆ ಮೊದಲೇ ಹೇಳಲಾಗಿತ್ತು. ಹೇಳಿದವರು ಪೆರ್ಸಿದಾ. ನೆಗೋತಿನ್ ಊರಿನ ಶಾಲೆಯೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತರಾದ ಅವರು ‘ಕೈಯಿಂದ ಕೈಗೆ’ ಎಂಬ ಬಳಗವನ್ನು ಅಂತರ್ಜಾಲದಲ್ಲಿ ನಡೆಸುತ್ತಿದ್ದರು. ಬಳಗದ ಪದ್ಧತಿ ಸರಳ. ಓದಿ ಮುಗಿಸಿದ ಪುಸ್ತಕದ ಫೋಟೊ ಹಾಕಬೇಕು. ಬೇಕೆನ್ನುವವರು ಬದಲಿಗೆ ತಮ್ಮದೊಂದನ್ನು ತೋರಿಸಬೇಕು. ಒಪ್ಪಿಗೆಯಾದರೆ ಇಬ್ಬರೂ ಕಂದು ಕಾಗದದಲ್ಲಿ ಸುತ್ತಿ ಅಂಚೆಗೆ ಹಾಕಬೇಕು. ಜೊತೆಗೆ ಒಂದಿಷ್ಟು ಚಹಾ ಸೊಪ್ಪನ್ನೋ ಚಾಕೊಲೇಟನ್ನೋ ಇಡುವುದು ವಾಡಿಕೆ.

ರಾಸ್ತ್ಕೋ ಬಳಗಕ್ಕೆ ಸೇರಿ ಒಂದು ಚಳಿಗಾಲವೂ ಪೂರ್ತಿ ಕಳೆದಿರಲಿಲ್ಲ. ಅಷ್ಟರಲ್ಲೇ ಅದರ ಅರ್ಧ ಜನರ ಬಗ್ಗೆ ಅವನಿಗೆ ತಾತ್ಸಾರ ಹುಟ್ಟಿತ್ತು. ಪುಟಗಳ ನಡುವೆ ಒಣಹೂ ಇಟ್ಟು ಕಳಿಸುವವರು, ಪುಸ್ತಕಕ್ಕೆ ‘ಹೊಸ ಮನೆ’ ಸಿಕ್ಕಿತೆಂದು ಬರೆಯುವವರು, ಚಹಾ ತಲುಪಿತೇ ಎಂದು ವಿಚಾರಿಸುವವರು, ಇವರೆಲ್ಲ ಅವನ ಲೆಕ್ಕದಲ್ಲಿ ಬುದ್ಧಿ ಬಲಿಯದವರು. ಅವನು ಎಂಜಿನಿಯರ್. ನೀರಿನ ಕೊಳವೆಗಳ ಒತ್ತಡ ಅಳೆಯುವುದು ಅವನ ಕೆಲಸ, ಹಳೆಯ ರೇಡಿಯೋ ರಿಪೇರಿ ಹವ್ಯಾಸ. ಅಳೆಯಲಾಗದ್ದು ಯಾವುದೂ ಇಲ್ಲ ಎಂದು ಸಹೋದ್ಯೋಗಿಗಳ ಮುಂದೆ ಆಗಾಗ ಹೇಳುತ್ತಿದ್ದ. ಅವರು ಕೇಳಿಸಿಕೊಂಡು ಕಾಫಿ ಕುಡಿಯುತ್ತಿದ್ದರು.

ಫೆಬ್ರುವರಿಯಲ್ಲಿ ಬಳಗದಲ್ಲಿ ಒಂದು ರೇಡಿಯೋ ಕೈಪಿಡಿಯ ಫೋಟೊ ಕಾಣಿಸಿತು. ಮೂವತ್ತು ವರ್ಷದಿಂದ ಮುದ್ರಣವಾಗದ, ಅವನು ಹುಡುಕಿ ಹುಡುಕಿ ಬಿಟ್ಟಿದ್ದ ಪುಸ್ತಕ. ಹಾಕಿದವಳು ನೆಗೋತಿನ್ ಹತ್ತಿರದ ಹಳ್ಳಿಯ ಫ್ಲೋರಿಕಾ, ತಮ್ಮದೇ ಭಾಷೆ ಆಚಾರಗಳಿರುವ ವ್ಲಾಹ್ ಜನಾಂಗದ ಹೆಂಗಸು. ಕೆಳಗೆ ಬರೆದಿದ್ದಳು: ‘ನನ್ನ ಮಗ ಯೊನೆಲ್‌ನ ಆತ್ಮಕ್ಕೆ. ಬದಲಿಗೆ ಏನೂ ಬೇಡ.’ ರಾಸ್ತ್ಕೋ ತಕ್ಷಣ ನನಗಿರಲಿ ಎಂದ. ಪುಸ್ತಕ ಬಂತು. ಕಂದು ಕಾಗದದ ಒಳಗೆ ಬಿಳಿ ಟವೆಲ್ ಸುತ್ತಿತ್ತು. ಟವೆಲಿನ ಮಡಿಕೆಯಲ್ಲಿ ಅರ್ಧ ಉರಿದ ಜೇನುಮೇಣದ ಬತ್ತಿ, ಒಂದು ಒಣ ತುಳಸಿಯ ಕಡ್ಡಿ. ಬಿಚ್ಚಿದ ಕೂಡಲೇ ಅಡುಗೆಮನೆಯೆಲ್ಲ ಚರ್ಚಿನ ವಾಸನೆ. ಅವನು ಮೇಣದಬತ್ತಿಯನ್ನೂ ತುಳಸಿಯನ್ನೂ ಕಸದ ಬುಟ್ಟಿಗೆ ಹಾಕಿ, ಟವೆಲಿನಲ್ಲಿ ಕಾರಿನ ಗಾಜು ಒರೆಸಿದ.

ಅದೇ ವಾರ ಪೆರ್ಸಿದಾ ಫೋನ್ ಮಾಡಿದರು. ಅವರೂ ವ್ಲಾಹ್ ಜನರವರೇ, ಆದ್ದರಿಂದ ಸುತ್ತಿ ಬಳಸಿ ಮಾತಾಡಲಿಲ್ಲ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ತೆಗೆದುಕೊಂಡವರು ‘ದೇವರು ಅವನನ್ನು ಕ್ಷಮಿಸಲಿ’ ಎನ್ನಬೇಕು, ಆಗ ಆ ವಸ್ತು ಆಚೆ ಅವನಿಗೆ ತಲುಪುತ್ತದೆ, ಅಲ್ಲಿಗೆ ಮುಗಿಯಿತು. ಯೊನೆಲ್ ಹಿಂದಿನ ಶರತ್ಕಾಲದಲ್ಲಿ ಛಾವಣಿಯ ಮೇಲೆ ಏರಿಯಲ್ ಕಟ್ಟುವಾಗ ವಿದ್ಯುತ್ ತಂತಿ ತಗುಲಿ ಸತ್ತಿದ್ದ. ಮದುವೆಯಾಗಿರಲಿಲ್ಲ. ಮದುವೆಯಾಗದೆ ಸತ್ತ ಹುಡುಗನಿಗೆ ಆ ಕಡೆ ಕಪ್ಪು ಮದುವೆ ಮಾಡುತ್ತಾರೆ. ಬದುಕಿರುವ ಹುಡುಗಿಯೊಬ್ಬಳು ಮದುವಣಗಿತ್ತಿಯಾಗಿ ಗೋರಿಯ ಪಕ್ಕ ನಿಲ್ಲುತ್ತಾಳೆ, ಉಡುಗೊರೆ ಅದಲು ಬದಲಾಗುತ್ತದೆ, ಸಂಜೆಯೊಳಗೆ ಅವಳನ್ನು ಹರಿಯುವ ನೀರು ದಾಟಿಸಿ ಬಿಡಿಸಿಬಿಡುತ್ತಾರೆ. ಯೊನೆಲ್‌ಗೆ ಅದೂ ಆಗಲಿಲ್ಲ. ಊರಿನ ಹುಡುಗಿಯರೆಲ್ಲ ದುಡಿಯಲು ಹೋಗಿ ವಿಯೆನ್ನಾದಲ್ಲಿದ್ದರು. ನಿಲ್ಲಲು ಯಾರೂ ಸಿಗಲಿಲ್ಲ.

ಪೆರ್ಸಿದಾ ಹೇಳಿದ್ದು ಇಷ್ಟು: “ಆ ಮನೆಗೆ ವಾಪಸ್ ಏನೂ ಕಳಿಸಬೇಡಿ, ಎಂಜಿನಿಯರೇ. ಒಂದು ಚಹಾ ಸೊಪ್ಪೂ ಬೇಡ. ಅವಳು ಕೊಟ್ಟಿದ್ದು ದಾನ. ನೀವು ಬದಲಿ ಕೊಟ್ರೆ ಅದು ಕೊಡುಕೊಳ್ಳುವಿಕೆ ಆಗುತ್ತೆ. ಆ ಮನೇಲಿ ಈಗ ಕೊಡೋ ತಗೊಳ್ಳೋ ವ್ಯವಹಾರ ಒಂದೇ ಬಾಕಿ ಇರೋದು, ಮದುವೇದು.”

ರಾಸ್ತ್ಕೋ ನಕ್ಕ. ಆಕೆ ಶಾಲೆಯಲ್ಲಿ ಮಕ್ಕಳಿಗೆ ಏನು ಓದಲು ಕೊಡುತ್ತಿದ್ದರೆಂದು ಕೇಳಿದ. ಪೆರ್ಸಿದಾ ಫೋನ್ ಇಟ್ಟರು.

ದಾನ ತೆಗೆದುಕೊಂಡವನು ಎನಿಸಿಕೊಳ್ಳುವುದು ಅವನಿಗೆ ಸಹಿಸಲಾಗದ ಮಾತು. ಅದೂ ಒಬ್ಬ ಹಳ್ಳಿ ಹೆಂಗಸಿನಿಂದ, ಒಬ್ಬ ಹೆಣದ ಹೆಸರಿನಲ್ಲಿ. ಸಾಮಾನು ಕೋಣೆಯ ರಟ್ಟಿನ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ಪುಸ್ತಕ ತೆಗೆದ. ಪಕ್ಷಿಗಳ ಚಿತ್ರಪುಸ್ತಕ. ಅದು ಮಗಳು ನೆವೆನಾಳದು. ನಮ್ಮ ಶಾಲೆಗಳಲ್ಲಿ ವರ್ಷದ ಕೊನೆಗೆ ಚೆನ್ನಾಗಿ ಓದಿದವರಿಗೆ ಪುಸ್ತಕ ಕೊಡುವುದುಂಟು. ಮೊದಲ ಪುಟದಲ್ಲಿ ಮೊಹರು ಹಾಕಿ, ಟೀಚರು ದುಂಡಗೆ ಬರೆದಿರುತ್ತಾರೆ. ‘ನೆವೆನಾ ವಿದಾಕೊವಿಚ್‌ಗೆ, ಅತ್ಯುತ್ತಮ ಫಲಿತಾಂಶ ಹಾಗೂ ಮಾದರಿ ನಡತೆಗಾಗಿ.’ ರಾಸ್ತ್ಕೋ ಆ ಪುಟವನ್ನು ನೋಡಿದ. ನೋಡಿಯೂ ಹಾಗೇ ಬಿಟ್ಟ. ಒಂದು ಕಾರ್ಡಿನಲ್ಲಿ ‘ನಮ್ಮಲ್ಲಿ ದಾನವಿಲ್ಲ, ಅದಲು ಬದಲು ಮಾತ್ರ’ ಎಂದು ಬರೆದು ಒಳಗಿಟ್ಟ. ವಿಳಾಸದ ಜಾಗದಲ್ಲಿ ಫ್ಲೋರಿಕಾಳ ಹೆಸರು ಬರೆಯಬೇಕಾದಲ್ಲಿ ಯೊನೆಲ್ ಹೆಸರು ಬರೆದ. ಅದು ತಮಾಷೆ. ಮರುದಿನ ಆಫೀಸಿನಲ್ಲಿ ಅದನ್ನು ಹೇಳಿ ನಗಿಸಿದ.

ಆ ವಾರದ ಕೊನೆಗೆ ಫ್ಲೋರಿಕಾಳಿಂದ ಸಂದೇಶ ಬಂತು. ಪುಸ್ತಕ ತಲುಪಿತು ಎಂದಾಗಲಿ ಉಪಕಾರವಾಯಿತು ಎಂದಾಗಲಿ ಇರಲಿಲ್ಲ. ‘ಹುಡುಗಿಯ ಎತ್ತರ ಎಷ್ಟು?’

ರಾಸ್ತ್ಕೋ ಅದನ್ನೂ ಸಹೋದ್ಯೋಗಿಗಳಿಗೆ ತೋರಿಸಿದ. ಆಮೇಲೆ ಉತ್ತರ ಬರೆದ. ಅವನು ಅಂದಾಜು ಹೇಳುವ ಮನುಷ್ಯನಲ್ಲ. ನೆವೆನಾಳ ಎತ್ತರವನ್ನು ಸೆಂಟಿಮೀಟರಿನಲ್ಲಿ ಸರಿಯಾಗಿ ಬರೆದು, ಹಿಂದೆ ಒಂದು ನಗುಮುಖ ಹಾಕಿ ಕಳಿಸಿದ.

ನೆವೆನಾಗೆ ಆಗ ಇಪ್ಪತ್ತು ವರ್ಷ. ಔಷಧಶಾಸ್ತ್ರ ಓದುತ್ತಿದ್ದಳು. ತಾಯಿ ಗಂಡನನ್ನು ಬಿಟ್ಟು ಆಸ್ಟ್ರಿಯಾದ ಲಿನ್ತ್ಸ್ ನಗರಕ್ಕೆ ಹೋಗಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಮಗಳು ಓದು ಮುಗಿಯುವವರೆಗೆ ಅಪ್ಪನ ಮನೆಯಲ್ಲಿ ಉಳಿದಿದ್ದಳು. ಬಾಯಿ ಚುರುಕು, ನಿದ್ದೆ ಗಾಢ, ಹಸಿವು ಚೆನ್ನಾಗಿತ್ತು. ಮೊದಲು ಹೋದದ್ದು ಹಸಿವು.

ಬ್ರೆಡ್ಡಿನಲ್ಲಿ ಮೇಣದ ವಾಸನೆ ಎಂದಳು. ಆಮೇಲೆ ಹಾಲಿನಲ್ಲಿ, ಆಮೇಲೆ ತನ್ನ ದಿಂಬಿನಲ್ಲಿ. ಅಪ್ಪನ ಮೂಗಿಗೆ ಏನೂ ಬಡಿಯಲಿಲ್ಲ. ನಂತರ ಅವನಿಗೂ ಬಡಿಯಿತು: ಆರಿಸಿದ ಬತ್ತಿಯ ಹೊಗೆ, ಅದರಡಿಯಲ್ಲಿ ಹೊಸದಾಗಿ ಅಗೆದ ಒದ್ದೆ ಮಣ್ಣು. ಡ್ಯಾನ್ಯೂಬ್ ನದಿಯಲ್ಲಿ ನೀರು ಏರಿದೆ, ನೆಲಮಾಳಿಗೆಯಿಂದ ತೇವ ಬರುತ್ತಿದೆ ಎಂದು ತೀರ್ಮಾನಿಸಿ ಗೋಡೆಗೆ ತೇವಮಾಪಕ ಹಿಡಿದ. ಗೋಡೆ ಒಣಗಿತ್ತು. ಮಾಪಕ ಕೆಟ್ಟಿದೆ ಎಂದ.

ಒಂದು ಬೆಳಿಗ್ಗೆ ನೆವೆನಾ ಅಂಗಿಯ ಕೊರಳನ್ನು ಸರಿಸಿ ತೋರಿಸಿದಳು. ಎರಡೂ ಭುಜದ ಮೇಲೆ, ಸಮ ಅಂತರದಲ್ಲಿ, ಸಣ್ಣ ಕೆಂಪು ಚುಕ್ಕೆಗಳ ಸಾಲು. ಸೊಂಟದ ಸುತ್ತ ಇನ್ನೊಂದು. ಮುಂಗೈಗಳ ಸುತ್ತ ಬಳೆಯ ಹಾಗೆ. ಚರ್ಮದ ಡಾಕ್ಟರು ತಿಗಣೆ ಎಂದರು, ಇನ್ನೊಬ್ಬರು ಅಲರ್ಜಿ ಎಂದರು. ರಾಸ್ತ್ಕೋ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಮಾತ್ರೆ ತಂದುಕೊಟ್ಟ. ತಿಗಣೆ ಸಾಲು ಹಿಡಿದು ಕಚ್ಚುವುದಿಲ್ಲವಲ್ಲ ಎಂದು ಮಗಳು ಕೇಳಿದಾಗ, ಪರೀಕ್ಷೆಗೆ ಓದದೆ ಇಂಥದ್ದನ್ನೆಲ್ಲ ಯೋಚಿಸುತ್ತ ಕೂತರೆ ಹೀಗೇ ಆಗುವುದು ಎಂದ.

ಅವಳು ಕಾಲೇಜಿಗೆ ಹೋಗುವುದು ನಿಂತಿತು. ಮಾತು ಕಡಿಮೆಯಾಯಿತು. ಊಟದ ಮೇಜಿನಲ್ಲಿ ತನ್ನ ಪಕ್ಕದ ಖಾಲಿ ಕುರ್ಚಿಯ ಮುಂದೆ ಒಂದು ಚಮಚ ಇಡತೊಡಗಿದಳು. ಯಾಕೆ ಎಂದರೆ ಇಟ್ಟದ್ದೇ ನೆನಪಿಲ್ಲ ಎನ್ನುತ್ತಿದ್ದಳು. ತೂಕ ಎಷ್ಟು ಬೇಗ ಇಳಿಯಿತೆಂದರೆ ರಕ್ತ ಪರೀಕ್ಷೆ ಮಾಡಿದ ಹೆಣ್ಣುಮಗಳು ನಾಳ ಸಿಗದೆ ನಾಲ್ಕೈದು ಕಡೆ ಚುಚ್ಚಿದಳು. ವರದಿಯಲ್ಲಿ ಎಲ್ಲವೂ ಸರಿಯಿತ್ತು. ರಾಸ್ತ್ಕೋ ಆ ವರದಿಯನ್ನು ಮಗಳ ಮುಂದೆ ಹಿಡಿದು, ನೋಡು, ನಿನಗೇನೂ ಆಗಿಲ್ಲ ಎಂದ. ಅವಳು ಗೋಡೆ ಹಿಡಿದು ಎದ್ದು ಕೋಣೆಗೆ ಹೋದಳು.

ಏಪ್ರಿಲ್ ಮೊದಲ ಶನಿವಾರ ಸಂಜೆ ಗಾಳಿ ಎದ್ದು ಬೀದಿಯ ಕರೆಂಟು ಹೋಯಿತು. ಆರು ಗಂಟೆಯಿರಬಹುದು. ಮೋಡ ಕವಿದು ಕಿಟಕಿಯೆಲ್ಲ ಬೂದಿ ಬಣ್ಣ. ರಾಸ್ತ್ಕೋ ಅಡುಗೆಮನೆಯಲ್ಲಿ ಟಾರ್ಚ್ ಹುಡುಕುತ್ತಿದ್ದ. ಹಜಾರದಲ್ಲಿ ಅವನ ಹಳೆಯ ರೇಡಿಯೋ ಗೊರ್ ಎಂದಿತು. ಅದು ಗೋಡೆಯ ಕರೆಂಟಿನಿಂದ ನಡೆಯುವ ಪೆಟ್ಟಿಗೆ. ಬ್ಯಾಟರಿ ಇಲ್ಲ. ಗೊರಗೊರದ ಹಿಂದೆ ಕಹಳೆಗಳು. ಮದುವೆಯ ಮೆರವಣಿಗೆಯ ವಾದ್ಯ, ದೂರದಲ್ಲಿ, ಹತ್ತಿರ ಬರುತ್ತ. ಅವನು ಹೋಗಿ ಪ್ಲಗ್ ಕಿತ್ತ. ವಾದ್ಯ ನಿಲ್ಲಲಿಲ್ಲ.

ನೆವೆನಾಳ ಕೋಣೆಯ ಬಾಗಿಲು ತೆರೆದಿತ್ತು. ಅವಳು ಕೋಣೆಯ ನಡುವೆ ನಿಂತಿದ್ದಳು. ಒಳ ಅಂಗಿಯಲ್ಲಿ. ಕೈಗಳನ್ನು ಮೈಯಿಂದ ಸ್ವಲ್ಪ ದೂರಕ್ಕೆ ಹಿಡಿದು. ದರ್ಜಿಯ ಮುಂದೆ ಅಳತೆಗೆ ನಿಲ್ಲುವ ಹಾಗೆ. ಕಣ್ಣು ತೆರೆದಿತ್ತು. ಅವನನ್ನು ನೋಡುತ್ತಿರಲಿಲ್ಲ.

ಟಾರ್ಚ್ ಬೆಳಕು ಅವಳ ಕೊರಳ ಮೇಲೆ ಬಿತ್ತು. ಚರ್ಮ ಒಂದು ಕಡೆ ತಗ್ಗಿತು. ಅದುಮಿದ ಹಾಗೆ. ಒಂದು ಹನಿ ರಕ್ತ ಮೂಡಿತು. ಅದರ ಪಕ್ಕ ಇನ್ನೊಂದು ತಗ್ಗು. ಇನ್ನೊಂದು ಹನಿ. ಇನ್ನೊಂದು. ಯಾರೋ ಅವಸರವಿಲ್ಲದೆ ಕೊರಳಪಟ್ಟಿಗೆ ಗುಂಡುಸೂಜಿ ಹಾಕುತ್ತಿದ್ದರು. ಯಾರೂ ಇರಲಿಲ್ಲ. ಸಾಲು ಭುಜಕ್ಕೆ ತಿರುಗಿತು. ನೆವೆನಾ ನಿಧಾನವಾಗಿ, ತಿರುಗು ಎಂದು ಹೇಳಿಸಿಕೊಂಡವಳಂತೆ, ಅತ್ತ ತಿರುಗಿದಳು. ಬೆನ್ನ ಮೇಲೂ ಹನಿ. ಮಣ್ಣಿನ ವಾಸನೆ ಗಂಟಲಿಗೆ ಇಳಿಯಿತು. ಅವಳ ಪಕ್ಕದ ಹಲಗೆ ನೆಲ ಕಿರುಗುಟ್ಟಿತು. ಭಾರ ಬಿದ್ದ ಹಾಗೆ. ಅಲ್ಲಿ ಯಾರೋ ಉಸಿರಾಡುತ್ತಿದ್ದರು. ಮಗಳ ಉಸಿರಲ್ಲ. ಅವಳದು ನಿಂತು ನಿಂತು ಬರುತ್ತಿತ್ತು. ಇದು ಸರಾಗವಾಗಿತ್ತು. ಎಳೆಯದಾಗಿತ್ತು. ಕಾಯುವವರ ಉಸಿರು.

ರಾಸ್ತ್ಕೋ ಮಗಳನ್ನು ಹಿಡಿದೆಳೆದು ಹಾಸಿಗೆಗೆ ಕೆಡವಿದ. ಮೈ ಕಲ್ಲಿನಷ್ಟು ತಣ್ಣಗಿತ್ತು. ಅವನ ಅಂಗೈಗೆ ಏನೂ ಚುಚ್ಚಲಿಲ್ಲ, ರಕ್ತ ಮಾತ್ರ ಹತ್ತಿತು. “ಅಪ್ಪಾ, ತೋಳು ಒಂದು ಬಾಕಿ ಇದೆಯಂತೆ,” ಎಂದಳು ನೆವೆನಾ. ಧ್ವನಿ ಅವಳದೇ. “ಅದಾದ್ಮೇಲೆ ಹೋಗ್ಬೇಕಂತೆ.”

ಮರುದಿನ ಬೆಳಿಗ್ಗೆ ಅವಳನ್ನು ಆಸ್ಪತ್ರೆಗೆ ಸೇರಿಸಿ ರಾಸ್ತ್ಕೋ ಪೆರ್ಸಿದಾಗೆ ಫೋನ್ ಮಾಡಿದ. ಏನು ಕಳಿಸಿದಿರಿ, ಯಾರ ಹೆಸರಿಗೆ ಕಳಿಸಿದಿರಿ ಎಂದು ಅವರು ಕೇಳಿದರು. ಅವನು ಹೇಳಿದ. ಎತ್ತರದ ವಿಷಯವನ್ನೂ ಹೇಳಿದ.

“ಅಳತೆಯನ್ನೂ ಕೊಟ್ರಾ,” ಎಂದರು ಪೆರ್ಸಿದಾ. “ನಿಮ್ಮಷ್ಟು ಓದಿದ್ದು ನಮ್ಮೂರಲ್ಲಿ ಯಾರೂ ಇಲ್ಲ, ಎಂಜಿನಿಯರೇ. ಅದಕ್ಕೇ ನಮ್ಮೂರಲ್ಲಿ ಯಾರೂ ಇಂಥ ಕೆಲಸ ಮಾಡಲ್ಲ.”

ಗೋರಿಯ ಪಕ್ಕ ನಿಂತ ಹುಡುಗಿಯನ್ನು ಅಂದೇ ಬಿಡಿಸಬಹುದು. ನೆವೆನಾ ನಿಲ್ಲಲೇ ಇಲ್ಲ, ಅವಳ ಹೆಸರು ಮಾತ್ರ ಅಲ್ಲಿದೆ. ಹೆಸರನ್ನು ನೀರು ದಾಟಿಸಲಾಗದು. ಬಿಡಿಸುವುದಿದ್ದರೆ ಕಟ್ಟಿದವಳೇ ಬಿಡಿಸಬೇಕು. ಮನೆ ತೋರಿಸುತ್ತೇನೆ, ಒಳಗೆ ಬರುವುದಿಲ್ಲ ಎಂದರು ಪೆರ್ಸಿದಾ.

ಸೋಮವಾರ ಮಧ್ಯಾಹ್ನ ಅವನು ನೆಗೋತಿನ್ ತಲುಪಿ ಪೆರ್ಸಿದಾರನ್ನು ಕಾರಿಗೆ ಹತ್ತಿಸಿಕೊಂಡ. ಕಾರಿನ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ ಪುಸ್ತಕಗಳಿದ್ದವು. ಹೇಗೂ ಆ ಕಡೆ ಹೋಗುತ್ತಿದ್ದೇನಲ್ಲ, ಬಳಗದವರಿಗೆ ಕೈಯಲ್ಲೇ ಕೊಟ್ಟರೆ ಅಂಚೆ ಖರ್ಚು ಉಳಿಯುತ್ತದೆ ಎಂದು ಹೊರಡುವಾಗ ಹಾಕಿಕೊಂಡಿದ್ದ. ಮಗಳು ಆಸ್ಪತ್ರೆಯಲ್ಲಿದ್ದ ದಿನ ಅವನಿಗೆ ಇದು ಹೊಳೆದಿತ್ತು.

ಹಳ್ಳಿಯ ದಾರಿಯ ಎರಡೂ ಕಡೆ ಆಸ್ಟ್ರಿಯಾದಲ್ಲಿ ದುಡಿದವರು ಕಟ್ಟಿಸಿದ ಮೂರು ಮಹಡಿಯ ಮನೆಗಳು, ಎಲ್ಲದರ ಬಾಗಿಲೂ ಮುಚ್ಚಿದ್ದವು. ಫ್ಲೋರಿಕಾಳ ಮನೆ ಕೊನೆಯದು. ಬಾಗಿಲಿಗೆ ಅಂಟಿಸಿದ ಸಾವಿನ ಪ್ರಕಟಣೆಯಲ್ಲಿ ಯೊನೆಲ್‌ನ ಫೋಟೊ ಬಿಸಿಲಿಗೆ ಮಾಸಿತ್ತು. ಪೆರ್ಸಿದಾ ಗೇಟಿನ ಹೊರಗೆ ನಿಂತರು.

ಒಳಗೆ ಕಿಟಕಿಯ ಬಾಗಿಲುಗಳೆಲ್ಲ ಹಾಕಿದ್ದವು. ಹೊರಗಿನ ಬಿಸಿಲಿನಿಂದ ಬಂದವನಿಗೆ ಮೊದಲು ಕಂಡದ್ದು ಮೇಣದಬತ್ತಿಯ ಒಂದು ತುದಿ, ಆಮೇಲೆ ಬಿಳಿ. ಬೀರುವಿನ ಬಾಗಿಲಿಗೆ ಒಂದು ಮದುವೆಯ ಉಡುಪು ನೇತುಹಾಕಿತ್ತು. ಒಂದು ತೋಳು ಹೊಲಿದಿತ್ತು. ಇನ್ನೊಂದನ್ನು ಸೂಜಿಗಳಿಂದ ಹಿಡಿಸಿ ಬಿಟ್ಟಿತ್ತು. ಸತ್ತವರಿಗೆಂದು ಬೇಯಿಸಿದ ಗೋಧಿ, ಮೇಣ, ಹಸಿ ಮಣ್ಣು: ಅವನ ಮನೆಯ ವಾಸನೆ ಇಲ್ಲಿಂದಲೇ ಬಂದಿತ್ತು. ಮೇಜಿನ ಮೇಲೆ ಗಂಡಸಿನ ಅಂಗಿ ಹಾಸಿ, ಅದರ ಎದೆಯ ಮೇಲೆ ಪಕ್ಷಿಗಳ ಪುಸ್ತಕವನ್ನು ತೆರೆದಿಟ್ಟು, ಎರಡನ್ನೂ ಸೇರಿಸಿ ಕೆಂಪು ದಾರ ಸುತ್ತಿದ್ದರು. ದಾರ ನೆವೆನಾಳ ಹೆಸರಿನ ಮೇಲೆ ಹಾದಿತ್ತು.

ಫ್ಲೋರಿಕಾ ಕುಳ್ಳಗೆ, ದಪ್ಪಗೆ ಇದ್ದಳು. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವನ್ನು ಒಂದೊಂದಾಗಿ ತೆಗೆದು ಉಡುಪಿಗೆ ಚುಚ್ಚಿದಳು.

“ಕೂತ್ಕೋ,” ಎಂದಳು. “ಬೀಗ್ರು ನಿಂತ್ಕೊಂಡು ಮಾತಾಡಬಾರ್ದು.”

ಅವನು ಪುಸ್ತಕ ವಾಪಸು ಕೇಳಿದ. ಪೊಲೀಸರಿಗೆ ಹೇಳುತ್ತೇನೆ ಎಂದ.

“ಹೇಳು. ಸತ್ತೋನ್ ಹೆಸ್ರಿಗೆ ನಾನೇ ಮಗಳ ಹೆಸ್ರು ಕಳ್ಸಿದ್ದೆ ಅಂತ ಹೇಳು. ನಗ್ತಾರೆ. ನಗ್ಸೋದು ನಿಂಗೆ ಚೆನ್ನಾಗಿ ಬರ್ತದಲ್ಲ.” ಅವಳು ಅವನ ಕಾರ್ಡನ್ನು ಮೇಜಿನ ಮೇಲಿಟ್ಟಳು. “ನಾನು ಕೇಳ್ಲಿಲ್ಲ. ನನ್ ಮಗಂಗೆ ಊರಲ್ಲಿ ಒಂದ್ ಹುಡುಗಿ ಸಿಗ್ಲಿಲ್ಲ, ನಾನು ಸುಮ್ನಾದೆ. ಪುಸ್ತಕ ಎಲ್ಲ ಹಂಚಿಬಿಟ್ಟು ಸುಮ್ನಿರೋಣ ಅಂತಿದ್ದೆ. ನೀನು ಕಳ್ಸ್ದೆ.”

ರಾಸ್ತ್ಕೋ ಮೇಜಿನ ಕಡೆ ಕೈ ಚಾಚಿದ. ಕೆಂಪು ದಾರ ಮುಟ್ಟುವ ಮೊದಲೇ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಆಸ್ಪತ್ರೆಯವರು. ನೆವೆನಾಳ ಉಸಿರು ಕೆಟ್ಟಿದೆ, ತುರ್ತು ವಿಭಾಗಕ್ಕೆ ಒಯ್ಯುತ್ತಿದ್ದೇವೆ ಎಂದರು. ಅವನು ಕೈ ಹಿಂದೆಗೆದ.

“ಅದಲು ಬದಲು ಅಂತ ನೀನೇ ಬರ್ದಿದ್ದೀಯ,” ಎಂದಳು ಫ್ಲೋರಿಕಾ. “ಸರಿ. ಹೆಸ್ರಿಗೆ ಹೆಸ್ರು ತಾ. ಬದುಕಿರೋಳು ಆಗ್ಬೇಕು. ಮದುವೆ ಆಗಿರ್ಬಾರ್ದು. ಆ ತೋಳು ಹೊಲಿಯೋದ್ರೊಳಗೆ ತಾ.”

ಹೀಗೆ ಹೇಳಿ ಅವಳು ಸೂಜಿಗೆ ದಾರ ಪೋಣಿಸಿದಳು.

ಅವನು ಕಾರಿನ ಹತ್ತಿರ ಓಡಿದ. ಡಿಕ್ಕಿ ತೆರೆದು ಪೆಟ್ಟಿಗೆಯನ್ನು ಬುಡಮೇಲು ಮಾಡಿದ. ಗೇಟಿನ ಹತ್ತಿರದಿಂದ ಪೆರ್ಸಿದಾ ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಏನಿಲ್ಲ ಎಂದ. ಹಳೆಯ ಪುಸ್ತಕಗಳಿಗೆ ಹೆಸರಿನ ಬರವಿಲ್ಲ. ಮೊದಲನೆಯದರಲ್ಲಿ ಒಬ್ಬ ಸೈನಿಕನ ಹೆಸರು. ಎಸೆದ. ಎರಡನೆಯದರಲ್ಲಿ ‘ನನ್ನ ಹೆಂಡತಿಗೆ’ ಎಂದಿತ್ತು. ಎಸೆದ. ಮೂರನೆಯದು ಆಫೀಸಿನ ಒಬ್ಬಳು ಕೊಟ್ಟದ್ದು. ಅವಳಿಗೆ ಮಗಳಿದ್ದಳು, ಪುಟದಲ್ಲಿದ್ದದ್ದು ಆ ಹುಡುಗಿಯ ಹೆಸರು. ಅದನ್ನು ಹಿಡಿದು ಒಂದು ಕ್ಷಣ ನಿಂತ. ಗೊತ್ತಿದ್ದವರು. ಪಕ್ಕಕ್ಕಿಟ್ಟ. ಆಮೇಲೆ ಸಿಕ್ಕಿದ್ದು ಬೆಟ್ಟದ ಹೂವುಗಳ ಪುಸ್ತಕ. ಬಹುಮಾನದ ಮೊಹರು. ಅಂಥದೇ ದುಂಡಗಿನ ಅಕ್ಷರ. ‘ದುನ್ಯಾ ರಾದಾಕ್‌ಗೆ.’ ಕಿಕಿಂದಾ ಊರಿನ ಬೊಯಾನಾ ರಾದಾಕ್ ಎಂಬಾಕೆ ಚಳಿಗಾಲದಲ್ಲಿ ಅವನಿಗೆ ಕಳಿಸಿದ್ದು, ಒಂದು ಪೊಟ್ಟಣ ಕ್ಯಾಮೊಮೈಲ್ ಹೂವಿನ ಜೊತೆ. ಅವನು ಬೊಯಾನಾಳ ಮುಖವನ್ನೂ ನೋಡಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಆ ಹೊತ್ತಿಗೂ ರಾಸ್ತ್ಕೋ ಮಾಟವನ್ನು ನಂಬಿರಲಿಲ್ಲ. ಕೇಳಿದ್ದರೆ ಹಾಗೆಂದೇ ಹೇಳುತ್ತಿದ್ದ, ಆಮೇಲೆ ಹೇಳಿದ್ದೂ ಹಾಗೆಯೇ. ಇದೆಲ್ಲ ಸುಳ್ಳಾದರೆ ಯಾವ ಹುಡುಗಿಗೂ ಏನೂ ಆಗುವುದಿಲ್ಲ. ಆದ್ದರಿಂದ ಯಾರ ಹೆಸರು ಕೊಟ್ಟರೂ ತಪ್ಪಿಲ್ಲ. ನಂಬದಿರುವುದು ಅವನಿಗೆ ಅಷ್ಟು ಅನುಕೂಲವಾಗಿ ಎಂದೂ ಒದಗಿ ಬಂದಿರಲಿಲ್ಲ.

ಒಳಗೆ ಫ್ಲೋರಿಕಾ ಮೊದಲ ಪುಟ ನೋಡಿ ಇವಳು ಯಾರು ಎಂದಳು. ಗೊತ್ತಿಲ್ಲ ಎಂದ. ಮದುವೆ ಆಗಿದೆಯೇ ಎಂದಳು. ಅವನು ಫೋನ್ ತೆಗೆದು ಬೊಯಾನಾಳ ಪುಟ ಹುಡುಕಿದ. ಮಗಳ ಫೋಟೊಗಳಿದ್ದವು. ಪಶುವೈದ್ಯಕೀಯ ಓದುತ್ತಿದ್ದಳು. ಒಂದರಲ್ಲಿ ಕುದುರೆಯ ಕೊರಳು ಹಿಡಿದು ನಿಂತಿದ್ದಳು, ಬೂಟಿಗೆ ಕೆಸರು ಮೆತ್ತಿತ್ತು.

“ಆಗಿಲ್ಲ,” ಎಂದ.

“ಎತ್ತರ?”

ಅವನು ಫೋಟೊವನ್ನು ದೊಡ್ಡದು ಮಾಡಿ ನೋಡಿದ. ಕುದುರೆಯ ಭುಜಕ್ಕೆ ಹೋಲಿಸಿದ.

“ನನ್ನ ಮಗಳಿಗಿಂತ ಗಿಡ್ಡ. ಒಂದು ಗೇಣು ಇರಬಹುದು.”

ಫ್ಲೋರಿಕಾ ಉಡುಪಿನ ಅಂಚನ್ನು ಒಂದು ಗೇಣು ಮೇಲಕ್ಕೆ ಮಡಚಿ ಸೂಜಿ ಹಾಕಿದಳು. ಪಕ್ಷಿಗಳ ಪುಸ್ತಕದ ಮೇಲಿನ ದಾರ ಬಿಚ್ಚಿ ಹೂವುಗಳ ಪುಸ್ತಕಕ್ಕೆ ಸುತ್ತಿದಳು. ಮೇಣದಬತ್ತಿ ಒಮ್ಮೆ ಬಾಗಿ ನೆಟ್ಟಗಾಯಿತು. ನೆವೆನಾಳ ಪುಸ್ತಕವನ್ನು ಅವನ ಕೈಗೆ ಕೊಡುತ್ತ, ಬಳಗದವರು ಪುಸ್ತಕ ಬಂದಾಗ ಹೇಳುವ ಹಾಗೆಯೇ, ಚೆನ್ನಾಗಿ ತಲುಪಿತು ಎಂದಳು.

ಗೇಟಿನಲ್ಲಿ ಪೆರ್ಸಿದಾ ಅವನ ಕೈಯಲ್ಲಿದ್ದ ಪುಸ್ತಕ ನೋಡಿದರು. ಹೇಗೆ ಕೊಟ್ಟಳು ಎಂದರು. ಮಾತಾಡಿ ಒಪ್ಪಿಸಿದೆ ಎಂದ. ಅವರು ನಂಬಲಿಲ್ಲ. ಮನೆಗೆ ನಡೆದೇ ಹೋಗುತ್ತೇನೆ ಎಂದು ಹೊರಟುಬಿಟ್ಟರು.

ನೆವೆನಾ ಅದೇ ಸಂಜೆ ಆಸ್ಪತ್ರೆಯಲ್ಲಿ ಸೂಪ್ ಕೇಳಿದಳು. ಚುಕ್ಕೆಗಳು ಮಾಸಿದವು. ಮನೆಗೆ ಬಂದ ಮೇಲೆ ಒಂದು ಇಡೀ ಕೋಳಿ ತಿಂದಳು. ಪುಸ್ತಕಗಳನ್ನು ಮರಳಿ ಜೋಡಿಸುತ್ತಿದ್ದ ಅಪ್ಪನ ಪಕ್ಕ ಕುಳಿತು, ತನ್ನ ಪಕ್ಷಿಗಳ ಪುಸ್ತಕದ ಮೇಲಿದ್ದ ಕೆಂಪು ಗೆರೆ ಏನು ಎಂದು ಕೇಳಿದಳು. ರಾಸ್ತ್ಕೋ ಅದನ್ನು ಹಳ್ಳಿಯವರ ಹುಚ್ಚಾಟದ ಕತೆಯಾಗಿ ಹೇಳಿದ. ಉಡುಪು, ಸೂಜಿ, ಬೀಗರೆಂದದ್ದು, ಎಲ್ಲ. ಕೊನೆಗೆ ಯಾವುದೋ ಹುಡುಗಿಯ ಪುಸ್ತಕ ಕೊಟ್ಟು ಬಾಯಿ ಮುಚ್ಚಿಸಿದ್ದನ್ನೂ ಹೇಳಿದ.

ನೆವೆನಾ ನಗಲಿಲ್ಲ.

“ನೀನು ಇದನ್ನೆಲ್ಲ ನಂಬಲ್ಲ ಅಲ್ವಾ, ಅಪ್ಪಾ?”

“ನಂಬೋದೇನು ಬಂತು, ಕಂದಾ.”

“ಮತ್ತೆ ನನ್ನ ಪುಸ್ತಕ ಅಲ್ಲೇ ಬಿಟ್ಟು ಬರಬಹುದಿತ್ತಲ್ಲ.”

ಅವನು ರೇಡಿಯೋದ ಹಿಂಬದಿ ಬಿಚ್ಚತೊಡಗಿದ.

ಆ ಪುಸ್ತಕ ಕಳಿಸಿದವರ ಹೆಸರನ್ನು ಅಪ್ಪನ ಬಾಯಿಂದ ಹೊರಡಿಸಿ ಅವಳು ಅಂದೇ ಕಿಕಿಂದಾಗೆ ಫೋನ್ ಮಾಡಿದಳು. ಬೊಯಾನಾ ರಾದಾಕ್ ಇದು ಯಾವುದೋ ಕೀಟಲೆ ಎಂದುಕೊಂಡು ಫೋನ್ ಇಟ್ಟಳು. ಎರಡನೆಯ ಸಲ ಬೈದಳು. ನೆವೆನಾ ಪೆರ್ಸಿದಾಗೆ ಹೇಳಿದಳು. ಪೆರ್ಸಿದಾ ಹಳ್ಳಿಗೆ ಹೋಗಿ ಬಂದರು. ಉಡುಪು ಹೊಲಿದು ಮುಗಿದಿದೆ, ಮನೆಗೆ ಬೀಗ ಹಾಕಿದೆ, ಫ್ಲೋರಿಕಾ ತಂಗಿಯ ಹತ್ತಿರ ವಿಯೆನ್ನಾಗೆ ಹೋದಳಂತೆ ಎಂದರು.

ಆ ತಿಂಗಳ ಕೊನೆಗೆ ಬಳಗದಲ್ಲಿ ಬೊಯಾನಾಳ ಒಂದು ಬರಹ ಕಾಣಿಸಿತು. ಪುಸ್ತಕದ ವಿಷಯವಲ್ಲದ್ದಕ್ಕೆ ಕ್ಷಮಿಸಿ ಎಂದು ಶುರುವಾಗಿತ್ತು. ಮಗಳ ಮೈಮೇಲೆ ಸಾಲುಸಾಲಾಗಿ ಚುಕ್ಕೆಗಳೆದ್ದಿವೆ, ಊಟ ಸೇರುತ್ತಿಲ್ಲ, ಮನೆಯೆಲ್ಲ ಮೇಣದ ವಾಸನೆ ಎನ್ನುತ್ತಾಳೆ, ಒಳ್ಳೆಯ ಚರ್ಮದ ಡಾಕ್ಟರು ಯಾರಾದರೂ ಗೊತ್ತೇ ಎಂದು ಕೇಳಿದ್ದಳು. ಅನೇಕರು ಹೆಸರು ಸೂಚಿಸಿದ್ದರು. ರಾಸ್ತ್ಕೋ ಓದಿದ. ತಿಗಣೆ ಇರಬಹುದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ ಎಂದು ಬರೆದ. ಸ್ವಲ್ಪ ಹೊತ್ತಿನ ನಂತರ ಅದನ್ನು ಅಳಿಸಿ ಬಳಗ ಬಿಟ್ಟ.

ದುನ್ಯಾ ರಾದಾಕ್ ಮೇ ತಿಂಗಳಲ್ಲಿ ತೀರಿಕೊಂಡಳು. ಕಾರಣ ಹೃದಯ ಸ್ತಂಭನ ಎಂದು ವೈದ್ಯರು ಬರೆದರು. ಮದುವೆಯಾಗದ ಹುಡುಗಿಯರನ್ನು ಮಣ್ಣು ಮಾಡುವಾಗ ನಮ್ಮಲ್ಲಿ ಮದುವಣಗಿತ್ತಿಯ ಬಿಳಿ ಉಡುಪು ತೊಡಿಸುತ್ತಾರೆ, ಅವಳಿಗೂ ತೊಡಿಸಿದರು. ನೆವೆನಾ ಹೋಗಿದ್ದಳು. ಹಿಂದಿನ ಸಾಲಿನಲ್ಲಿ ನಿಂತಿದ್ದಳು, ತಾನು ಯಾರೆಂದು ಹೇಳಲಿಲ್ಲ.

ಅದೇ ವಾರ ಅವಳು ಲಿನ್ತ್ಸ್‌ಗೆ, ತಾಯಿಯ ಹತ್ತಿರ ಹೊರಟಳು. ರಾಸ್ತ್ಕೋ ಕೆಲಸದಿಂದ ಬಂದಾಗ ಅವಳ ಕೋಣೆ ಖಾಲಿಯಾಗಿತ್ತು. ಪುಸ್ತಕಗಳೆಲ್ಲ ಕಪಾಟಿನಲ್ಲೇ ಇದ್ದವು. ತನ್ನ ಹೆಸರಿದ್ದ ಪುಟಗಳನ್ನು ಮಾತ್ರ ಒಂದನ್ನೂ ಬಿಡದೆ ಹರಿದುಕೊಂಡು ಹೋಗಿದ್ದಳು.